ಕಲ್ಲಿದ್ದಲಿಗೆ ಕಟ್ಟಿಗೆ ಬೆರೆಸಿ ಹೈಡ್ರೋಜನ್ ತೆಗೆದ ನನ್ನ ಅನುಭವ

ಕಲ್ಲಿದ್ದಲು ಮತ್ತು ಕಟ್ಟಿಗೆ ಪುಡಿ ಬೆರೆಸಿ ಲ್ಯಾಬಿನ ಪುಟ್ಟ ರಿಯಾಕ್ಟರಿನಲ್ಲಿ ಹೈಡ್ರೋಜನ್ ತೆಗೆಯುವುದು ನನ್ನ ಕೆಲಸ. ಇಂಧನದೊಳಗಿನ ಹೈಡ್ರೋಜನ್ನೇ ಹೊರಗೆ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ, ಜಾಸ್ತಿ ಪಾಲು ಬರುವುದು ನಾವು ಒಳಗೆ ಬಿಡುವ ಹಬೆಯಿಂದ. ಕೆಂಪಗೆ ಕಾದ ಇಂಗಾಲ ನೀರಿನ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಇದಕ್ಕೆ ಮೋಲಿಗೆ 131 ಕಿಲೋಜೂಲ್ ಶಾಖ ಬೇಕು.

ಆ ಶಾಖವನ್ನು ನಾನು ವಿದ್ಯುತ್ ಕುಲುಮೆಯಿಂದ ಕೊಟ್ಟೆ, ಸುಮಾರು 850 ಡಿಗ್ರಿ. ಒಳಗೆ ಗಾಳಿ ಹಾಯಿಸಿ ಸ್ವಲ್ಪ ಇಂಧನವನ್ನೇ ಉರಿಸಿಯೂ ಶಾಖ ಪಡೆಯಬಹುದು. ಆದರೆ ಆಗ ಗ್ಯಾಸಿನಲ್ಲಿ ಹತ್ತಿರಹತ್ತಿರ ಅರ್ಧ ನೈಟ್ರೋಜನ್ನೇ ತುಂಬಿಕೊಳ್ಳುತ್ತದೆ.

ಕಟ್ಟಿಗೆ ಯಾಕೆ ಬೆರೆಸಬೇಕು? ಗುಟ್ಟು ಅದರ ಬೂದಿಯಲ್ಲಿದೆ. ಬೂದಿಯ ಪೊಟ್ಯಾಸಿಯಂ, ಇಂಗಾಲ ಮತ್ತು ಹಬೆಯ ಕ್ರಿಯೆಯನ್ನು ಚುರುಕು ಮಾಡುತ್ತದೆ. ಕಣ್ಣಾರೆ ನೋಡಬೇಕು ಅಂತ ಒಂದೇ ಕಟ್ಟಿಗೆಯ ಇದ್ದಿಲನ್ನು ಎರಡು ಪಾಲು ಮಾಡಿದೆ. ಒಂದನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿದೆ, ಇನ್ನೊಂದನ್ನು ಹಾಗೇ ಇಟ್ಟೆ. ಅದೇ ತಾಪ, ಅದೇ ಹಬೆ. ತೊಳೆದ ಇದ್ದಿಲು ಹಬೆಯ ಜೊತೆ ಸೇರಿ ಗ್ಯಾಸ್ ಆಗಲು ಎಷ್ಟು ತಡ ಮಾಡಿತು ಅಂದರೆ, ಪೊಟ್ಯಾಸಿಯಂ ನೀರಿನ ಜೊತೆ ಹೋಗಿಬಿಟ್ಟಿದೆ ಅಂತ ಬೇರೆ ಸಾಕ್ಷಿಯೇ ಬೇಕಿರಲಿಲ್ಲ.

ಕಲ್ಲಿದ್ದಲಿನ ಆಯ್ಕೆ ಮುಖ್ಯವಾಗುವುದೂ ಇಲ್ಲೇ. ಅದರ ಬೂದಿಯಲ್ಲಿ ಜೇಡಿಮಣ್ಣಿನ ಅಂಶ ಜಾಸ್ತಿ ಇದ್ದರೆ ಅಲ್ಯೂಮಿನಾ, ಸಿಲಿಕಾ ಸೇರಿ ಪೊಟ್ಯಾಸಿಯಂ ಅನ್ನು ಹಿಡಿದುಬಿಡುತ್ತವೆ. ಆಮೇಲೆ ಕಟ್ಟಿಗೆ ಬೆರೆಸಿದ್ದರ ಲಾಭ ಕಾಣುವುದೇ ಇಲ್ಲ. ಹಾಗಾಗಿ ನಾನು ಬೂದಿ ಕಡಿಮೆ ಇರುವ ಕಲ್ಲಿದ್ದಲನ್ನೇ ಹುಡುಕುತ್ತೇನೆ. ಹಾಗಂತ ಪೊಟ್ಯಾಸಿಯಂ ಅತಿಯಾದರೂ ಕಷ್ಟ, ಬೂದಿ ಬೇಗ ಕರಗಿ ಹೆಂಟೆ ಕಟ್ಟುತ್ತದೆ.

ಕಟ್ಟಿಗೆಯ ಇನ್ನೊಂದು ತಲೆನೋವು ಟಾರ್, ಅಂದರೆ ಗ್ಯಾಸಿನ ಜೊತೆ ಬರುವ ಡಾಂಬರಿನಂಥ ಅಂಟು. ಗ್ಯಾಸನ್ನು ಟಾರನ್ನು ಕರಗಿಸಿಕೊಳ್ಳುವ ಐಸೊಪ್ರೊಪನಾಲ್ ಎಂಬ ಆಲ್ಕೋಹಾಲಿನ ತಣ್ಣಗಿನ ಬಾಟಲಿಗಳ ಮೂಲಕ ಹಾಯಿಸಿದರೆ ಮೊದಲ ಬಾಟಲಿ ನೋಡನೋಡುತ್ತಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಸುಟ್ಟ ಡೋಲೋಮೈಟ್ (ಸುಣ್ಣದಕಲ್ಲಿನಂಥ ಒಂದು ಕಲ್ಲು) ಹಾಸಿನ ಮೇಲೆ ಅದೇ ಗ್ಯಾಸನ್ನು ಬಿಸಿಯಾಗಿಯೇ ಹಾಯಿಸಿದಾಗ ಬಣ್ಣ ಎಷ್ಟೋ ತಿಳಿಯಾಯಿತು. ಟಾರ್ ಒಡೆದು ಅದರಲ್ಲೂ ಒಂದಿಷ್ಟು ಹೈಡ್ರೋಜನ್ ಸಿಗುತ್ತದೆ.

ಉಳಿದದ್ದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಮತ್ತೆ ಹಬೆ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಆಗಿ ಇನ್ನೊಂದು ಪಾಲು ಹೈಡ್ರೋಜನ್ ಬರುತ್ತದೆ. ಇದು ಮೋಲಿಗೆ 41 ಕಿಲೋಜೂಲ್ ಶಾಖ ಬಿಡುವ ಕ್ರಿಯೆ, ಅಂದರೆ ತಾಪ ಕಡಿಮೆ ಇದ್ದಷ್ಟೂ ಹೈಡ್ರೋಜನ್ ಪಾಲು ಹೆಚ್ಚು. ಆದರೆ ತಣ್ಣಗಾದರೆ ಕ್ರಿಯೆಯ ವೇಗವೂ ಬೀಳುತ್ತದೆ ಅಲ್ವಾ? ಅದಕ್ಕೇ ವೇಗವರ್ಧಕ ಬೇಕು. ತಾಮ್ರದ್ದು 200ರಿಂದ 250 ಡಿಗ್ರಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಲ್ಲಿದ್ದಲಿನ ಗಂಧಕ ಸ್ವಲ್ಪ ತಗುಲಿದರೂ ಸಾಯುತ್ತದೆ. ಕಲ್ಲಿದ್ದಲು ಹೆಚ್ಚಿರುವ ಮಿಶ್ರಣಕ್ಕೆ ನಾನು ಕೋಬಾಲ್ಟ್-ಮಾಲಿಬ್ಡಿನಮ್ ಬಳಸುತ್ತೇನೆ. ಅದು ಚುರುಕಾಗಿರಲು ಗ್ಯಾಸಿನಲ್ಲಿ ಗಂಧಕ ಇರಲೇಬೇಕು.