ಮುಟ್ಟಿನ ಹೊಟ್ಟೆನೋವಿಗೆ ಒಣಶುಂಠಿ ಕಷಾಯ: ನನ್ನ ಅನುಭವ

ಮುಟ್ಟಿನ ನೋವು ಏರಿದ ಮೇಲೆ ಕಷಾಯ ಕುಡಿದರೆ ಅಷ್ಟಾಗಿ ಕೇಳುವುದಿಲ್ಲ. ಅದನ್ನು ಮೊದಲೇ ಶುರು ಮಾಡಬೇಕು. ಮುಟ್ಟಾಗುವ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಜಾಸ್ತಿಯಾಗುತ್ತದೆ. ಕಿಬ್ಬೊಟ್ಟೆ ಹಿಂಡುವುದು, ವಾಕರಿಕೆ, ಭೇದಿ, ಇವೆಲ್ಲ ಹೆಚ್ಚಾಗಿ ಅದರಿಂದಲೇ. ಮೊದಲ 2 ದಿನ ಅದರ ಕಾಟ. ಶುಂಠಿ ಈ ರಾಸಾಯನಿಕ ತಯಾರಾಗುವುದನ್ನೇ ಸ್ವಲ್ಪ ತಗ್ಗಿಸುತ್ತದೆ. ಹಾಗಾಗಿ ಸೊಂಟ ಭಾರ ಅನ್ನಿಸಿದ ಕೂಡಲೇ ನಾನು ಒಣಶುಂಠಿ ಡಬ್ಬಿ ತೆಗೆಯುತ್ತೇನೆ.

ನಾನು ಮಾಡುವುದು ಹೀಗೆ. ಒಣಶುಂಠಿಯನ್ನು ಕುಟ್ಟಾಣಿಯಲ್ಲಿ ಜಜ್ಜಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದಿಡುತ್ತೇನೆ. ಒಂದೂವರೆ ಲೋಟ ನೀರಿಗೆ ಅರ್ಧ ಟೀ ಚಮಚ ಪುಡಿ, ಚಿಟಿಕೆ ಜೀರಿಗೆ. ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಯಬೇಕು. ಬೆಲ್ಲವನ್ನು ಒಲೆ ಆರಿಸಿದ ಮೇಲೆ ಹಾಕುತ್ತೇನೆ. ನಮ್ಮ ಮಂಡ್ಯದಲ್ಲಿ ಆಲೆಮನೆ ಬೆಲ್ಲಕ್ಕೆ ಬರವಿಲ್ಲ, ಅಲ್ವಾ? ಆದರೆ ಹೊಳೆಯುವ ಹಳದಿ ಅಚ್ಚು ಬೇಡ, ಕಂದು ಬಣ್ಣದ್ದನ್ನೇ ಆರಿಸಿ. ಬಣ್ಣ ಬರಲೆಂದು ಕೆಲವರು ರಾಸಾಯನಿಕ ಹಾಕುತ್ತಾರೆ. ಕಷಾಯವನ್ನು ಬೆಳಿಗ್ಗೆ, ಸಂಜೆ ಏನಾದರೂ ತಿಂದ ಮೇಲೆ ಕುಡಿಯುತ್ತೇನೆ. ಖಾಲಿ ಹೊಟ್ಟೆಗೆ ಕುಡಿದರೆ ಎದೆ ಉರಿಯುತ್ತದೆ. ಶುಂಠಿ ಪುಡಿಯ ಮೇಲೆ ನಡೆದ ಅಧ್ಯಯನಗಳಲ್ಲಿ ದಿನಕ್ಕೆ 750ರಿಂದ 2,000 ಮಿಲಿಗ್ರಾಂವರೆಗೆ, ಮೊದಲ 3-4 ದಿನ ಕೊಟ್ಟಿದ್ದಾರೆ. ನನ್ನ ಎರಡು ಲೋಟ ಆ ಲೆಕ್ಕದೊಳಗೇ ಬರುತ್ತದೆ.

ನೋವು ಪೂರ್ತಿ ಹೋಗುತ್ತದೆ ಅನ್ನುವುದಿಲ್ಲ. ಮುದುರಿಕೊಂಡು ಮಲಗುವ ಬದಲು ಎದ್ದು ಅಡುಗೆ ಮಾಡುವಷ್ಟು ಹಗುರವಾಗುತ್ತದೆ. ಅದರ ಬೆಲೆ ನೋವು ಉಂಡವರಿಗೇ ಗೊತ್ತು.

ನಮ್ಮ ಅತ್ತೆಯವರಿಗೆ ಮೆಂತ್ಯದ ಮೇಲೆ ನಂಬಿಕೆ. 'ರಾತ್ರಿ ನೆನೆಸಿಟ್ಟು ಬೆಳಿಗ್ಗೆ ನುಂಗು ಕಣವ್ವ, ಸೊಂಟ ಹಿಡ್ಕೊಂಡು ಯಾಕ್ ಕೂತ್ಕೋತೀಯ' ಅನ್ನುತ್ತಿದ್ದರು. ಮೆಂತ್ಯದ ಪುಡಿಯಿಂದಲೂ ನೋವು ಇಳಿದದ್ದು ಅಧ್ಯಯನದಲ್ಲಿ ಕಂಡಿದೆ. ನನಗೆ ಮಾತ್ರ ಶುಂಠಿಯೇ ಹೆಚ್ಚು ಒಗ್ಗಿತು. ಶುಗರ್ ಮಾತ್ರೆ ತೆಗೆದುಕೊಳ್ಳುವವರು, ಬಸುರಿ ಇರಬಹುದೆಂಬ ಅನುಮಾನ ಇರುವವರು ಮೆಂತ್ಯವನ್ನು ಮದ್ದಿನ ಪ್ರಮಾಣದಲ್ಲಿ ತಿನ್ನಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಶುಂಠಿ ಕಷಾಯಕ್ಕೂ ಡಾಕ್ಟರನ್ನು ಕೇಳಿಯೇ ಕೈ ಹಾಕಿ.

ಇನ್ನು ಊಟ. ಹೆಣ್ಣುಮಗು ದೊಡ್ಡವಳಾದಾಗ ನಮ್ಮ ಕಡೆ ಕೊಬ್ಬರಿ, ಬೆಲ್ಲ, ಎಳ್ಳು-ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಕೊಡುತ್ತಾರಲ್ಲ, ಅದು ಆ ಒಂದು ಸಲಕ್ಕೆ ಯಾಕೆ ನಿಲ್ಲಬೇಕು? ಎಳ್ಳಿನಲ್ಲಿ ಮೆಗ್ನೀಸಿಯಂ, ಕಬ್ಬಿಣ, ಸುಣ್ಣದಂಶ ಎಲ್ಲಾ ಇದೆ. ಸ್ನಾಯು ಸಡಿಲವಾಗಲು ಮೆಗ್ನೀಸಿಯಂ ಬೇಕು. ದಿನಕ್ಕೊಂದು ಚಿಗಳಿ ಉಂಡೆ ನಾನು ತಿಂಗಳಿಡೀ ತಿನ್ನುತ್ತೇನೆ. ಮುದ್ದೆ ಹೇಗೂ ಉಂಟು, ಜೊತೆಗೆ ಸೊಪ್ಪು ಹಾಕಿದ ಉಪ್ಸಾರು. ಆ ದಿನಗಳಲ್ಲಿ ಖಾರ ಕಡಿಮೆ, ತಟ್ಟೆಗೆ ನಿಂಬೆಹುಳಿ ಜಾಸ್ತಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ತಕ್ಷಣ ಕಾಫಿ ಕುಡಿದರೆ ಅದು ಅಷ್ಟು ಹತ್ತುವುದಿಲ್ಲ. ಒಂದು ಗಂಟೆ ಕಳೆಯಲಿ.

ತಿಂಗಳಿಂದ ತಿಂಗಳಿಗೆ ನೋವು ಏರುತ್ತಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ಮುಟ್ಟಿಲ್ಲದ ದಿನವೂ ಕಿಬ್ಬೊಟ್ಟೆ ನೋಯುತ್ತಿದ್ದರೆ ಕಷಾಯ ಕುಡಿಯುತ್ತಾ ದಿನ ದೂಡಬೇಡಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇಂಥ ತೊಂದರೆ ಇರಬಹುದು. ಅದಕ್ಕೆ ಸ್ತ್ರೀರೋಗ ತಜ್ಞರೇ ಬೇಕು. 'ಮದುವೆಯಾದರೆ ಸರಿಹೋಗುತ್ತೆ' ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಹಾಸ್ಟೆಲ್‌ನಲ್ಲಿರುವ ಹೆಣ್ಣುಮಕ್ಕಳಿಗೆ ಒಲೆ ಎಲ್ಲಿ ಸಿಗಬೇಕು? ನನ್ನ ಮಗಳು ಮೈಸೂರಿಗೆ ಹೋಗುವಾಗ ಒಣಶುಂಠಿ ಪುಡಿ, ಬೆಲ್ಲದ ಪುಡಿ ಕಲಸಿ ಡಬ್ಬಿಗೆ ಹಾಕಿಕೊಡುತ್ತೇನೆ. ಫ್ಲಾಸ್ಕ್‌ನ ಬಿಸಿನೀರಿಗೆ ಒಂದು ಚಮಚ ಹಾಕಿ, ಐದು ನಿಮಿಷ ಮುಚ್ಚಿಟ್ಟು ಕುಡಿಯುತ್ತಾಳೆ. ಈಗ ರೂಮಿನ ಗೆಳತಿಯರಿಗೂ ಸೇರಿಸಿ ದೊಡ್ಡ ಡಬ್ಬಿ ಕೇಳುತ್ತಾಳೆ.