ಪಾಪ್-ಅಪ್ ಕಾಟದ ಬೇರು ಹುಡುಕಿದ ಬಗೆ

ಆಡ್‌ವೇರ್, ಅಂದರೆ ಬೇಡದ ಜಾಹೀರಾತು ತೋರಿಸುವ ಪ್ರೋಗ್ರಾಮ್, ತೆಗೆಯೋದು ಹೇಗೆ ಅಂತ ಯಾರನ್ನೇ ಕೇಳಿ, ಮೊದಲು ಬರುವ ಸಲಹೆ ‘ಒಂದು ಕ್ಲೀನರ್ ಹಾಕಿ ಸ್ಕ್ಯಾನ್ ಮಾಡು’ ಅನ್ನೋದು. ನಾನು ಅಲ್ಲಿಂದ ಶುರು ಮಾಡಲಿಲ್ಲ. ಜಾಹೀರಾತು ಪರದೆಯ ಯಾವ ಜಾಗದಲ್ಲಿ ಬರುತ್ತಿದೆ, ಯಾವಾಗ ಬರುತ್ತಿದೆ ಎಂದು ಸುಮ್ನೆ ಸ್ವಲ್ಪ ಹೊತ್ತು ಕೂತು ನೋಡಿದೆ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮನೆಯವರೆಲ್ಲ ಬಳಸುವ ವಿಂಡೋಸ್ ಕಂಪ್ಯೂಟರ್ ಅದು. ಬ್ರೌಸರ್ ಕ್ರೋಮ್. ‘ವೈರಸ್ ಬಂದಿದೆ, ಬರೀ ಆಡ್’ ಎಂಬುದು ಎಲ್ಲರ ದೂರು. ನೋಡುತ್ತಾ ಹೋದರೆ ಕಾಟ ಮೂರು ಬಗೆಯದಾಗಿತ್ತು. ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎನ್ನುವ ಚಿಕ್ಕ ಚೌಕಗಳು ಏಳುತ್ತಿದ್ದವು. ಎರಡನೆಯದಾಗಿ, ಏನು ಹುಡುಕಿದರೂ ಕೇಳರಿಯದ ಯಾವುದೋ ಸರ್ಚ್ ಪುಟಕ್ಕೆ ಹೋಗುತ್ತಿತ್ತು, ಜಾಹೀರಾತೇ ಇರದ ವಿಕಿಪೀಡಿಯದಲ್ಲೂ ಜಾಹೀರಾತು ಕಾಣುತ್ತಿತ್ತು. ಮೂರನೆಯದು, ಯಾರೂ ಮುಟ್ಟದೆಯೇ ಬ್ರೌಸರ್ ತಾನಾಗಿ ತೆರೆದು ಲಾಟರಿ, ಬೆಟ್ಟಿಂಗ್ ಪುಟ ತೋರಿಸುವುದು. ನೋಡುವವರಿಗೆ ಇವೆಲ್ಲ ಒಂದೇ ಅನ್ನಿಸುತ್ತದೆ. ಒಂದೊಂದರ ಮೂಲವೂ ಬೇರೆ, ತೆಗೆಯುವ ದಾರಿಯೂ ಬೇರೆ.

ಮೂಲೆಯ ಚೌಕಗಳನ್ನು ಮೊದಲು ಹಿಡಿದೆ. ಅವುಗಳ ಮೇಲೆ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಂತಲೂ ಒಂದು ವೆಬ್‌ಸೈಟ್ ಹೆಸರೂ ಇತ್ತು. ಅಷ್ಟು ಕಂಡರೆ ಸಾಕು, ಅದು ವೈರಸ್ ಅಲ್ಲ, ಬ್ರೌಸರ್ ನೋಟಿಫಿಕೇಶನ್. ಯಾವುದೋ ಪುಟ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಅಂದಿರುತ್ತದೆ. ‘ವಿಡಿಯೋ ನೋಡಲು ಅಲೋ ಒತ್ತಿ’ ಅನ್ನುವುದೂ ಉಂಟು. ಒತ್ತಿದ್ದು ವಿಡಿಯೋಗಲ್ಲ, ಆ ಸೈಟು ಯಾವಾಗ ಬೇಕಾದರೂ ನಮಗೆ ಸಂದೇಶ ಕಳಿಸಬಹುದು ಎಂಬ ಅನುಮತಿಗೆ. ಆ ಟ್ಯಾಬ್ ಮುಚ್ಚಿದರೂ ಸಂದೇಶ ಬರುತ್ತಲೇ ಇರುತ್ತದೆ, ಏಕೆಂದರೆ ಸೈಟಿನ ಒಂದು ಚಿಕ್ಕ ತುಣುಕು ಬ್ರೌಸರ್ ಒಳಗೆ ಹಿನ್ನೆಲೆಯಲ್ಲಿ ಉಳಿದಿರುತ್ತದೆ. ಆಂಟಿವೈರಸ್ ಇದನ್ನು ಹಿಡಿಯದೇ ಇರುವುದೂ ಇದಕ್ಕೇ. ಕಂಪ್ಯೂಟರಿಗೆ ಏನೂ ಇನ್‌ಸ್ಟಾಲ್ ಆಗಿರುವುದಿಲ್ಲ, ಅನುಮತಿಯನ್ನು ನಾವೇ ಕೊಟ್ಟಿರುತ್ತೇವೆ.

ತೆಗೆಯುವುದು ಸುಲಭ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಫೈರ್‌ಫಾಕ್ಸ್, ಎಡ್ಜ್‌ಗಳಲ್ಲಿ ದಾರಿ ಸ್ವಲ್ಪ ಬೇರೆ. ಆದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ನೋಟಿಫಿಕೇಶನ್ಸ್ ಎಂದು ಬರೆದರೆ ಅಲ್ಲೂ ಸಿಗುತ್ತದೆ. ‘ಅಲೋಡ್’ ಪಟ್ಟಿಯಲ್ಲಿ ಉದ್ದಕ್ಕೆ ಹೆಸರುಗಳಿದ್ದವು, ಅರ್ಧಕ್ಕರ್ಧ ಅರ್ಥವೇ ಇಲ್ಲದ ಅಕ್ಷರಗಳ ಗುಂಪು. ಗೊತ್ತಿರುವ ಇಮೇಲ್, ಕ್ಯಾಲೆಂಡರ್ ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆ. ಅದೇ ಪುಟದಲ್ಲಿ ಇನ್ನು ಮುಂದೆ ಯಾವ ಸೈಟೂ ನೋಟಿಫಿಕೇಶನ್ ಕೇಳಲೇಬಾರದು ಎಂಬ ಆಯ್ಕೆಯೂ ಇದೆ. ಹಲವರು ಬಳಸುವ ಕಂಪ್ಯೂಟರಿನಲ್ಲಿ ಅದನ್ನು ಹಾಕಿಬಿಡುವುದೇ ಒಳ್ಳೆಯದು. ಚೌಕಗಳು ಅಲ್ಲಿಗೆ ನಿಂತವು. ಎಷ್ಟೋ ಜನರ ‘ವೈರಸ್’ ಇಷ್ಟಕ್ಕೇ ಮುಗಿಯುತ್ತದೆ, ಮುಂದಿನದೇನೂ ಬೇಕಾಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಪರದೆ ತುಂಬ ಕೆಂಪಾಗಿ, ಸೈರನ್ ಕೂಗುತ್ತಾ, ‘ಈ ಫೋನ್ ನಂಬರಿಗೆ ಕರೆ ಮಾಡಿ’ ಎನ್ನುವ ಪುಟ ಬಂದರೆ ಹೆದರಬೇಡಿ. ಅದೂ ಬರೀ ವೆಬ್ ಪುಟ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಮಾನ್ಯವಾಗಿ ಪೂರ್ತಿ ಪರದೆಯಿಂದ ಹೊರಬರುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನು ಮುಚ್ಚಿ. ಮತ್ತೆ ತೆರೆದಾಗ ‘ಹಳೇ ಪುಟಗಳನ್ನು ತೆರೆಯಲೇ’ ಎಂದು ಕೇಳಿದರೆ ಬೇಡ ಅನ್ನಿ. ಆ ನಂಬರಿಗೆ ಮಾತ್ರ ಯಾವ ಕಾರಣಕ್ಕೂ ಕರೆ ಮಾಡಬೇಡಿ.

ಇನ್ನು ದಾರಿ ತಪ್ಪುತ್ತಿದ್ದ ಸರ್ಚ್. ಇದಕ್ಕೆ ನಾನು ಮಾಡಿದ ಪರೀಕ್ಷೆ ಸರಳ. ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ ಖಾಸಗಿ) ಕಿಟಕಿ ತೆರೆದು ಅದೇ ಪುಟಗಳನ್ನು ನೋಡಿದೆ. ಜಾಹೀರಾತು ಮಾಯ. ನಾವಾಗಿ ಅನುಮತಿ ಕೊಡದಿದ್ದರೆ ಇನ್‌ಕಾಗ್ನಿಟೋದಲ್ಲಿ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್‌ಗಳು, ಓಡುವುದಿಲ್ಲ. ಹಾಗಾಗಿ ಅನುಮಾನ ನೇರವಾಗಿ ಎಕ್ಸ್‌ಟೆನ್ಶನ್ ಮೇಲೆ. ಇನ್ನೊಂದು ಬ್ರೌಸರಿನಲ್ಲೂ ನೋಡಿದೆ, ಅಲ್ಲೂ ಜಾಹೀರಾತಿಲ್ಲ. ಅಂದರೆ ತೊಂದರೆ ಕ್ರೋಮ್ ಒಳಗೇ ಇದೆ, ಇಡೀ ಕಂಪ್ಯೂಟರಿನ ನೆಟ್ ದಾರಿಯಲ್ಲಿ ಅಲ್ಲ. ಫೈರ್‌ಫಾಕ್ಸ್ ಬಳಸುವವರು ಇದೇ ಪರೀಕ್ಷೆಯನ್ನು ಅದರ ಟ್ರಬಲ್‌ಶೂಟ್ ಮೋಡ್‌ನಲ್ಲಿ ಮಾಡಬಹುದು.

ಎಕ್ಸ್‌ಟೆನ್ಶನ್ ಪಟ್ಟಿ ನೋಡಿದರೆ ಕಡತ ಬದಲಿಸುವ ಸಹಾಯಕ ಎಂಬಂಥ ಹೆಸರಿನದೊಂದು ಕೂತಿತ್ತು. ಉಳಿದವಕ್ಕೆಲ್ಲ ‘ರಿಮೂವ್’ ಬಟನ್ ಇದೆ, ಇದಕ್ಕೆ ಇಲ್ಲ. ಕ್ರೋಮ್‌ನ ಮೂರು ಚುಕ್ಕಿ ಮೆನುವಿನ ತಳದಲ್ಲಿ ‘ನಿಮ್ಮ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಅರ್ಥದ ಸಾಲು ಬೇರೆ. ಮನೆ ಕಂಪ್ಯೂಟರಿಗೆ ಯಾವ ಸಂಸ್ಥೆ, ಅಲ್ವಾ?

ಕಂಪನಿಗಳು ತಮ್ಮ ನೌಕರರ ಕಂಪ್ಯೂಟರ್‌ಗಳಲ್ಲಿ ಬೇಕಾದ ಎಕ್ಸ್‌ಟೆನ್ಶನ್‌ಗಳನ್ನು ಬಲವಂತವಾಗಿ ಹಾಕಲು ಕ್ರೋಮ್‌ನಲ್ಲಿ ಒಂದು ಸೌಲಭ್ಯವಿದೆ. ಅದಕ್ಕೆ ಪಾಲಿಸಿ ಅನ್ನುತ್ತಾರೆ. ಆಡ್‌ವೇರ್ ಮಾಡುವವರು ಬಳಸಿಕೊಂಡಿದ್ದು ಇದೇ ಸೌಲಭ್ಯವನ್ನು. ವಿಳಾಸ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕ್ರೋಮ್://ಪಾಲಿಸಿ’ ಎಂದು ಕೊಟ್ಟೆ. ‘ಎಕ್ಸ್‌ಟೆನ್ಶನ್‌ಇನ್‌ಸ್ಟಾಲ್‌ಫೋರ್ಸ್‌ಲಿಸ್ಟ್’ ಎಂಬ ಸಾಲು ಸಿಕ್ಕಿತು, ಎದುರಿಗೆ 32 ಅಕ್ಷರಗಳ ಒಂದು ಗುರುತು. ಎಕ್ಸ್‌ಟೆನ್ಶನ್ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಪ್ರತಿಯೊಂದರ ಗುರುತೂ ಕಾಣುತ್ತದೆ. ಎರಡನ್ನೂ ತಾಳೆ ಹಾಕಿದೆ. ಅದೇ ಆಸಾಮಿ.

ಈ ಪಾಲಿಸಿ ಇರುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ. ಎಚ್‌ಕೀ ಲೋಕಲ್ ಮೆಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಒಳಗೊಳಗೆ ಹೋಗಬೇಕು. ಎಚ್‌ಕೀ ಕರೆಂಟ್ ಯೂಸರ್ ಕೆಳಗೂ ಇದೇ ದಾರಿಯಲ್ಲಿ ಇರಬಹುದು, ಎರಡನ್ನೂ ನೋಡಿ. ಮೊದಲು ಆ ಫೋಲ್ಡರನ್ನು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಂಡೆ. ರಿಜಿಸ್ಟ್ರಿಯಲ್ಲಿ ‘ಅನ್‌ಡೂ’ ಇಲ್ಲ. ಆಮೇಲೆ ಆ ಗುರುತು ಇದ್ದ ಸಾಲನ್ನು ಅಳಿಸಿ, ಕ್ರೋಮ್‌ನ ಪಾಲಿಸಿ ಪುಟದಲ್ಲಿ ರೀಲೋಡ್ ಒತ್ತಿದೆ. ಎಕ್ಸ್‌ಟೆನ್ಶನ್‌ಗೆ ರಿಮೂವ್ ಬಟನ್ ಬಂತು, ತೆಗೆದೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಇದಕ್ಕೆ ಕೈ ಹಾಕಬೇಡಿ, ಅಲ್ಲಿ ಪಾಲಿಸಿ ಇರುವುದು ಸಹಜ. ಕೆಲವು ಆಂಟಿವೈರಸ್‌ಗಳೂ ತಮ್ಮ ಪಾಲಿಸಿ ಬರೆದಿರುತ್ತವೆ. ಆ ಸಾಲು ಕಂಡ ಮಾತ್ರಕ್ಕೆ ಆಡ್‌ವೇರ್ ಎಂದಲ್ಲ.

ಅಂದಹಾಗೆ, ಎಕ್ಸ್‌ಟೆನ್ಶನ್ ವಿಷಯದಲ್ಲಿ ‘ತುಂಬಾ ಜನ ಬಳಸುತ್ತಾರೆ, ಒಳ್ಳೆಯದೇ ಇರಬೇಕು’ ಎಂಬ ಲೆಕ್ಕ ನಡೆಯುವುದಿಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಬಹಳ ಜನಪ್ರಿಯ ಎಕ್ಸ್‌ಟೆನ್ಶನ್ 2020ರಲ್ಲಿ ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಅದರಲ್ಲಿ ಮಾಲ್‌ವೇರ್ (ಹಾನಿ ಮಾಡುವ ಕೋಡ್) ಇದೆ ಎಂದು ಗೂಗಲ್ ಅದನ್ನು ತೆಗೆದುಹಾಕಿತು. ಹಾಕಿಕೊಂಡ ದಿನ ಸರಿಯಿದ್ದದ್ದು ಆಮೇಲೆ ಕೆಡಬಹುದು. ನಾನು ಪಟ್ಟಿಯಲ್ಲಿದ್ದ, ಯಾರೂ ಬಳಸದ ಎಲ್ಲವನ್ನೂ ತೆಗೆದುಬಿಟ್ಟೆ.

ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಆ ಎಕ್ಸ್‌ಟೆನ್ಶನ್ ವಾಪಸ್ ಬಂದು ಕೂತಿತ್ತು! ಆಡ್‌ವೇರ್ ಕೆಲಸದಲ್ಲಿ ನಿಜವಾದ ತಲೆನೋವು ಇದೇ. ಕಣ್ಣಿಗೆ ಕಾಣುವುದು ಕಳೆಯ ಎಲೆ ಅಷ್ಟೇ, ಬೇರು ಇರುವುದು ಬ್ರೌಸರಿನ ಹೊರಗೆ. ತಾನಾಗಿ ತೆರೆಯುತ್ತಿದ್ದ ಲಾಟರಿ ಪುಟದ ಮೂಲವೂ ಅಲ್ಲೇ ಸಿಕ್ಕಿತು.

ವಿಂಡೋಸ್‌ನ ಪ್ರೋಗ್ರಾಮ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿದೆ. ಇದು ಬಹಳ ಉಪಯೋಗದ ಉಪಾಯ. ಕಾಟ ಯಾವಾಗ ಶುರುವಾಯಿತು ಎಂದು ಮನೆಯವರಿಗೆ ಸುಮಾರಾಗಿ ನೆನಪಿತ್ತು. ಆ ಸಮಯದಲ್ಲಿ ಪಿಡಿಎಫ್ ಬದಲಿಸುವ ಒಂದು ಪುಕ್ಕಟೆ ಪ್ರೋಗ್ರಾಮ್ ಬಂದಿತ್ತು. ಅದೇ ದಿನಾಂಕದಲ್ಲಿ ಯಾರೂ ಕೇಳದ ಇನ್ನೂ ಕೆಲವು: ಒಂದು ಹವಾಮಾನ ತೋರಿಸುವುದು, ಒಂದು ಡ್ರೈವರ್ ಅಪ್‌ಡೇಟ್ ಮಾಡುತ್ತೇನೆ ಅನ್ನುವುದು, ಹೆಸರಿಗಷ್ಟೇ ಬ್ರೌಸರ್ ಆದದ್ದು ಒಂದು. ಒಂದರ ಜೊತೆ ಇನ್ನೊಂದನ್ನು ಕಟ್ಟಿ ಕೊಡುವ ವ್ಯವಹಾರ. ಇನ್‌ಸ್ಟಾಲ್ ಮಾಡುವಾಗ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುತ್ತಾ ಹೋದರೆ ಮಧ್ಯದಲ್ಲಿರುವ ಒಪ್ಪಿಗೆಯೂ ಒತ್ತಿ ಹೋಗುತ್ತದೆ.

ಎಲ್ಲವನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ. ಇಲ್ಲಿ ಬಟನ್‌ಗಳನ್ನು ಓದಿ ಒತ್ತಬೇಕು. ಒಂದರಲ್ಲಿ ದೊಡ್ಡ ಹಸಿರು ಬಟನ್ ಇದ್ದದ್ದು ‘ಇಟ್ಟುಕೊಳ್ಳಿ’ ಎನ್ನುವುದಕ್ಕೆ. ‘ತೆಗೆಯಿರಿ’ ಎಂಬುದು ಮೂಲೆಯಲ್ಲಿ ಬೂದು ಬಣ್ಣದಲ್ಲಿ ಕಂಡೂ ಕಾಣದಂತಿತ್ತು.

ನಂತರ ಟಾಸ್ಕ್ ಶೆಡ್ಯೂಲರ್ ತೆರೆದೆ. ನನ್ನ ಪ್ರಕಾರ ಜನ ನೋಡಲು ಮರೆಯುವ ಜಾಗ ಇದೇ. ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಎಂದು ವಿಂಡೋಸ್‌ಗೆ ಹೇಳಿಡುವ ಪಟ್ಟಿ ಇದು. ಒಂದೊಂದು ಟಾಸ್ಕ್‌ನ ‘ಆಕ್ಷನ್ಸ್’ ಟ್ಯಾಬ್ ನೋಡುತ್ತಾ ಹೋದೆ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಹೆಸರು ‘ಅಪ್‌ಡೇಟ್’ ಎಂದೇ ಇರುತ್ತದೆ. ಅದು ಓಡಿಸುವ ಫೈಲ್ ಎಲ್ಲಿದೆ ಎಂಬುದು ಮುಖ್ಯ. ಒಂದು ಟಾಸ್ಕ್ ಕ್ರೋಮ್ ತೆರೆದು ಜೊತೆಗೆ ಒಂದು ವೆಬ್ ವಿಳಾಸ ಕೊಡುತ್ತಿತ್ತು. ಅದೇ ಲಾಟರಿ ಪುಟ. ಇನ್ನೊಂದು ಆಪ್‌ಡೇಟಾ (ಪ್ರೋಗ್ರಾಮ್‌ಗಳು ತಮ್ಮ ಮಾಹಿತಿ ಇಡುವ) ಫೋಲ್ಡರ್ ಒಳಗಿನ ಸ್ಕ್ರಿಪ್ಟ್ (ಆಜ್ಞೆಗಳ ಫೈಲ್) ಒಂದನ್ನು ಲಾಗಿನ್ ಆದಾಗಲೆಲ್ಲ ಓಡಿಸುತ್ತಿತ್ತು. ನಾನು ಅಳಿಸಿದ ಪಾಲಿಸಿಯನ್ನು ಪುನಃ ಬರೆಯುತ್ತಿದ್ದದ್ದು ಇದು. ಎರಡು ಟಾಸ್ಕ್‌ಗಳನ್ನೂ ಆ ಸ್ಕ್ರಿಪ್ಟನ್ನೂ ಅಳಿಸಿದೆ. ಆಮೇಲೆ ಪಾಲಿಸಿ, ಕೊನೆಗೆ ಎಕ್ಸ್‌ಟೆನ್ಶನ್. ಈ ಕ್ರಮದಲ್ಲಿ ಹೋದ ಮೇಲೆ ಅದು ಮರಳಿ ಬರಲಿಲ್ಲ.

ಹೀಗೆ ಒಂದೊಂದೇ ಹುಡುಕುವುದು ಕಷ್ಟ ಅನ್ನಿಸಿದರೆ ಮೈಕ್ರೋಸಾಫ್ಟ್‌ನದೇ ‘ಆಟೋರನ್ಸ್’ ಎಂಬ ಪುಕ್ಕಟೆ ಸಾಧನವಿದೆ. ಕಂಪ್ಯೂಟರ್ ಜೊತೆ ತಾನಾಗಿ ಶುರುವಾಗುವ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಮೈಕ್ರೋಸಾಫ್ಟ್ ನಮೂದುಗಳನ್ನು ಮರೆಮಾಡುವ ಆಯ್ಕೆ ಹಾಕಿಕೊಂಡರೆ ಪಟ್ಟಿ ಚಿಕ್ಕದಾಗುತ್ತದೆ. ಅನುಮಾನ ಇದ್ದದ್ದನ್ನು ಅಳಿಸುವ ಬದಲು ಟಿಕ್ ತೆಗೆದು ನೋಡಬಹುದು.

ಸ್ಕ್ಯಾನರ್ ಓಡಿಸಿದ್ದು ಇದಾದ ಮೇಲೆ. ಮಾಲ್‌ವೇರ್‌ಬೈಟ್ಸ್‌ನ ಆಡ್‌ಡಬ್ಲ್ಯೂಕ್ಲೀನರ್ ಬಳಸಿದೆ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಹಾಗೇ ಓಡುತ್ತದೆ. ಉಳಿದಿದ್ದ ಕೆಲವು ಫೋಲ್ಡರ್, ರಿಜಿಸ್ಟ್ರಿ ಸಾಲುಗಳನ್ನು ಹಿಡಿದು ಕ್ವಾರಂಟೈನ್‌ಗೆ ಹಾಕಿತು. ಆಮೇಲೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ನೋಡುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಇಂಥ ಸಾಧನಗಳನ್ನು ಅವುಗಳ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ‘ಆಡ್‌ವೇರ್ ರಿಮೂವರ್’ ಎಂದು ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳಲ್ಲಿ ಆಡ್‌ವೇರೇ ಇರಬಹುದು. ಸ್ಕ್ಯಾನ್ ಪುಕ್ಕಟೆ, ನೂರಾರು ಅಪಾಯ ತೋರಿಸಿ ತೆಗೆಯಲು ಮಾತ್ರ ದುಡ್ಡು ಕೇಳುವಂಥವನ್ನು ನಾನು ಮುಟ್ಟುವುದಿಲ್ಲ. ಕ್ರೋಮ್‌ನಲ್ಲೇ ಮೊದಲು ಒಂದು ಕ್ಲೀನಪ್ ಸಾಧನ ಇತ್ತು. ಅದನ್ನು ಗೂಗಲ್ 2023ರಲ್ಲಿ ತೆಗೆದುಹಾಕಿದೆ. ಅದನ್ನು ಒತ್ತಿ ಎನ್ನುವ ಹಳೇ ಸಲಹೆಗಳು ಈಗ ನಡೆಯುವುದಿಲ್ಲ.

ಉಳಿದ ಪುಟ್ಟ ಜಾಗಗಳನ್ನೂ ಒಮ್ಮೆ ನೋಡಿದೆ. ಡೆಸ್ಕ್‌ಟಾಪಿನ ಕ್ರೋಮ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಸಾಲಿನ ಕೊನೆಗೆ ಯಾವುದಾದರೂ ವೆಬ್ ವಿಳಾಸ ಅಂಟಿಸಿದ್ದಾರಾ? ನೆಟ್ ಸಂಪರ್ಕವನ್ನು ಬೇರೊಂದು ಕಂಪ್ಯೂಟರ್ ಮೂಲಕ ಕಳಿಸುವ ವಿಂಡೋಸ್ ಪ್ರಾಕ್ಸಿ ಸೆಟ್ಟಿಂಗ್ ಆನ್ ಆಗಿದೆಯಾ? ಯಾವ ಸೈಟಿನ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಎಂದು ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿ ಹೊಸ ಸಾಲು ಸೇರಿದೆಯಾ? ನಮ್ಮದರಲ್ಲಿ ಮೂರೂ ಸರಿಯಿದ್ದವು. ಕೊನೆಗೆ ಕ್ರೋಮ್ ಸೆಟ್ಟಿಂಗ್ಸನ್ನು ರಿಸೆಟ್ ಮಾಡಿದೆ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಇದರಿಂದ ಹೋಗುವುದಿಲ್ಲ. ಸರ್ಚ್ ಎಂಜಿನ್, ಶುರುವಿನ ಪುಟ ಮೊದಲಿನಂತಾಗುತ್ತವೆ.

ಬ್ರೌಸರ್ ಸಿಂಕ್ (ಒಂದೇ ಖಾತೆಯ ಬ್ರೌಸರ್‌ಗಳನ್ನು ಒಂದೇ ರೀತಿ ಇಡುವ ಸೌಲಭ್ಯ) ಆನ್ ಇದ್ದರೆ ಕೆಲಸ ಶುರು ಮಾಡುವ ಮುಂಚೆಯೇ ಆಫ್ ಮಾಡಿಬಿಡಿ. ಅದೇ ಖಾತೆ ಇರುವ ಇನ್ನೊಂದು ಲ್ಯಾಪ್‌ಟಾಪಿನಲ್ಲೂ ಆ ಎಕ್ಸ್‌ಟೆನ್ಶನ್ ಇದ್ದರೆ ಸಿಂಕ್ ಅದನ್ನು ಇಲ್ಲಿಗೆ ಮತ್ತೆ ತರುತ್ತದೆ. ಎಲ್ಲ ಕಡೆ ತೆಗೆದ ಮೇಲೆ ಆನ್ ಮಾಡಿಕೊಳ್ಳಿ.

ಒಂದೇ ವೈಫೈನಲ್ಲಿರುವ ಫೋನಿನಲ್ಲೂ ಅದೇ ಜಾಹೀರಾತು ಬರುತ್ತಿದ್ದರೆ ನಾನು ಮೇಲೆ ಹೇಳಿದ್ದು ಸಾಲದು, ರೂಟರಿನ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ನೆಟ್ ವಿಳಾಸ ಹುಡುಕುವ ವ್ಯವಸ್ಥೆ) ಸೆಟ್ಟಿಂಗ್ ನೋಡಬೇಕು. ಡಿಎನ್‌ಎಸ್‌ಚೇಂಜರ್ ಎಂಬ ಮಾಲ್‌ವೇರ್‌ನ ಹಿಂದಿದ್ದವರು ಡಿಎನ್‌ಎಸ್ ಬದಲಿಸಿಯೇ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ತಮ್ಮ ಜಾಹೀರಾತು ತೋರಿಸಿ ದುಡ್ಡು ಮಾಡಿದ್ದರು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಅದನ್ನು ಬಯಲಿಗೆಳೆಯಿತು.

ಎಲ್ಲ ಶಾಂತವಾದ ಮೇಲೆ ಬೇರೆ ಕಂಪ್ಯೂಟರಿನಿಂದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸಿದೆವು. ‘ಅತಿಯಾಯಿತು’ ಅಂದರು ಮನೆಯವರು. ಆದರೆ ಆ ಎಕ್ಸ್‌ಟೆನ್ಶನ್‌ಗೆ ಎಲ್ಲ ಸೈಟುಗಳ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿ ಇತ್ತು. ಅಂದರೆ ಲಾಗಿನ್ ಪುಟದಲ್ಲಿ ಬರೆದದ್ದನ್ನೂ ನೋಡಬಲ್ಲದು. ವಿಂಡೋಸ್ ಸೆಕ್ಯುರಿಟಿಯ ‘ಆಪ್ ಅಂಡ್ ಬ್ರೌಸರ್ ಕಂಟ್ರೋಲ್’ ಒಳಗೆ ಬೇಡದ ಆಪ್‌ಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿದೆ. ಮನೆಯವರಿಗೆ ದಿನಬಳಕೆಗೆ ಅಡ್ಮಿನ್ ಅಲ್ಲದ, ಅಂದರೆ ಕಂಪ್ಯೂಟರಿನ ಮೇಲೆ ಪೂರ್ತಿ ಅಧಿಕಾರವಿಲ್ಲದ ಖಾತೆ ಮಾಡಿಕೊಟ್ಟೆ. ಯುಬ್ಲಾಕ್ ಆರಿಜಿನ್ ಲೈಟ್‌ನಂಥ ಜಾಹೀರಾತು ತಡೆಯನ್ನು ಹಾಕಿದ್ದು ಕೊನೆಯಲ್ಲಿ. ಮೊದಲೇ ಹಾಕಿದ್ದರೆ ಜಾಹೀರಾತು ಮರೆಯಾಗುತ್ತಿತ್ತು, ತರುತ್ತಿದ್ದ ಪ್ರೋಗ್ರಾಮ್ ಒಳಗೇ ಉಳಿಯುತ್ತಿತ್ತು.

ಫಾರ್ಮ್ಯಾಟ್ ಮಾಡಿಬಿಡೋದೇ ಸುಲಭ ಅಲ್ವಾ ಎಂದು ಕೇಳುತ್ತಾರೆ. ಜಾಹೀರಾತಿಗಷ್ಟೇ ಆದರೆ ಬೇಕಾಗಿಲ್ಲ. ಆಫ್‌ಲೈನ್ ಸ್ಕ್ಯಾನ್ ಆದ ಮೇಲೂ ಅಳಿಸಿದ ಟಾಸ್ಕ್ ವಾಪಸ್ ಬರುತ್ತಿದ್ದರೆ, ಇಲ್ಲವೇ ಡಿಫೆಂಡರ್ ತಾನಾಗಿ ಆಫ್ ಆಗುತ್ತಿದ್ದರೆ ಮಾತ್ರ ನಾನು ಆ ಕಡೆ ಹೋಗುತ್ತೇನೆ. ಆಗಲೂ ಫೋಟೋ, ದಾಖಲೆಗಳ ಪ್ರತಿ ಮಾತ್ರ ಇಟ್ಟುಕೊಳ್ಳುತ್ತೇನೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುವ ಹಳೇ ಇನ್‌ಸ್ಟಾಲರ್‌ಗಳನ್ನು ಅಲ್ಲೇ ಬಿಡುತ್ತೇನೆ.