ಅರಮನೆ ಬಾಗಿಲು ಹಾಕಿದೆ ಅಂದ ಬ್ಯಾಂಕಾಕ್ ಮನುಷ್ಯ

ನಾನು ಮೈಸೂರಿನವನು. ಅರಮನೆ ನೋಡೋಕೆ ಬಂದವರನ್ನು ಆಟೋದವರು ಸಿಲ್ಕ್ ಅಂಗಡಿ, ಅಗರಬತ್ತಿ ಅಂಗಡಿ ಸುತ್ತಿಸೋದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಬ್ಯಾಂಕಾಕ್‌ನಲ್ಲಿ ಮೊದಲ ದಿನವೇ ಅದೇ ಹಳ್ಳಕ್ಕೆ ಬಿದ್ದೆ.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ನಮ್ಮವರಿಗೆ ವೀಸಾ ಬೇಡ ಅಂದಿತಲ್ಲ, ಜನವರಿಯಲ್ಲಿ ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಒಬ್ಬನೇ ಹೊರಟೆ. ಸನಾಮ್ ಚಾಯ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಗ್ರ್ಯಾಂಡ್ ಪ್ಯಾಲೇಸ್ ಕಡೆ ನಡೆಯುತ್ತಿದ್ದೆ. ಬಿಳಿ ಗೋಡೆ ಪಕ್ಕ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಐಡಿ ಕಾರ್ಡು. ‘ಇಂಡಿಯಾ? ನಮಸ್ತೆ! ಒಳಗೆ ಪೂಜೆ ಇದೆ, ಮಧ್ಯಾಹ್ನದವರೆಗೆ ಯಾರನ್ನೂ ಬಿಡಲ್ಲ’ ಅಂದರು. ಕೇಳದಿದ್ದರೂ ನನ್ನ ಮ್ಯಾಪ್ ತೆಗೆದುಕೊಂಡು ಪೆನ್ನಿನಲ್ಲಿ ಮೂರು ಕಡೆ ಸೊನ್ನೆ ಸುತ್ತಿದರು, ಅದರಲ್ಲೊಂದು ಹರಳಿನ ಅಂಗಡಿ. ಅಷ್ಟರಲ್ಲಿ ಕರೆದ ಹಾಗೆ ಒಂದು ಟುಕ್‌ಟುಕ್ ಬಂದು ನಿಂತಿತು. ಮೂರೂ ಜಾಗಕ್ಕೆ 20 ಬಾತ್. ಆಗ ನಮ್ಮ ಲೆಕ್ಕದಲ್ಲಿ 50 ರೂಪಾಯಿನೂ ಇರಲಿಲ್ಲ. (ಅಲ್ಲಿ ದುಡ್ಡಿಗೇ ಬಾತ್ ಅಂತಾರೆ. ವಾಂಗಿಬಾತ್ ಜೋಕು ನಾನು ಇಳಿದುಕೊಂಡಿದ್ದ ಹಾಸ್ಟೆಲಿನಲ್ಲಿ ಯಾರಿಗೂ ಅರ್ಥ ಆಗಲಿಲ್ಲ.)

ಇಷ್ಟಾದರೂ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ನಂಬಿಸಿದ್ದು ಎರಡನೆಯವನು. ಮೊದಲ ನಿಲ್ದಾಣ ಒಂದು ಚಿಕ್ಕ ದೇವಸ್ಥಾನ. ಅಲ್ಲಿ ಮೆಟ್ಟಿಲ ಮೇಲೆ ಶೂ ಕಟ್ಟಿಕೊಳ್ಳುತ್ತಿದ್ದ ಒಬ್ಬ ಸುಮ್ನೆ ಮಾತಿಗೆಳೆದ. ಊರು ಫುಕೆಟ್, ರಜೆಗೆ ಬಂದಿದ್ದೇನೆ ಅಂದ. ಹೋಗೋ ಮುಂಚೆ, ‘ಸರ್ಕಾರದ ಹರಳಿನ ಮಾರಾಟ ಇವತ್ತೇ ಕೊನೆ, ನಾನೂ ನೀಲ ತಗೊಂಡೆ’ ಅಂತ ಒಂದು ಮಾತು ಬಿಟ್ಟ. ಪರಿಚಯವೇ ಇಲ್ಲದ ಇಬ್ಬರು ಒಂದೇ ಅಂಗಡಿ ಕಡೆ ಕೈ ತೋರಿಸಿದರೆ ಸುಳ್ಳಿರಲಾರದು ಅನ್ನಿಸುತ್ತೆ, ಅಲ್ವಾ?

ಅಂಗಡಿಯಲ್ಲಿ ತಣ್ಣಗೆ ಎಸಿ, ಕೈಗೆ ಜ್ಯೂಸು. ಕಪ್ಪು ಬಟ್ಟೆ ಮೇಲೆ ಕಡಲೆಕಾಳಿನಷ್ಟು ನೀಲ. 9,000 ಬಾತ್, ಬೆಂಗಳೂರಿನಲ್ಲಿ ಮಾರಿದರೆ ಡಬಲ್ ಅಂದರು. ಕಾರ್ಡ್ ಕೊಟ್ಟೆ. ಮಷಿನ್ ಬೇಡ ಅಂತು. ಇನ್ನೊಂದು ಸಲ ಉಜ್ಜಿದರು, ಆಗಲೂ ಆಗಲಿಲ್ಲ. ಹೊರಡೋ ಮುಂಚೆ ಅಕ್ಕ ಬೈದು ಬೈದು ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶದ ಲಿಮಿಟ್ಟನ್ನು ದಿನಕ್ಕೆ 5,000 ರೂಪಾಯಿಗೆ ಇಳಿಸಿದ್ದಳು. ನಾನು ಬಚಾವಾಗಿದ್ದು ಅದರಿಂದ, ಬುದ್ಧಿಯಿಂದ ಅಲ್ಲ. ಹೊರಗೆ ಬಂದರೆ ಟುಕ್‌ಟುಕ್ ನಾಪತ್ತೆ. ನಡೆದು ಅರಮನೆ ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ. ಆಗ ಅಲ್ಲಿ ಬೆಳಿಗ್ಗೆ 8:30ರಿಂದ ಮಧ್ಯಾಹ್ನ 3:30ರವರೆಗೆ ಟಿಕೆಟ್ ಕೊಡುತ್ತಿದ್ದರು. ಆವತ್ತೂ ತೆರೆದೇ ಇತ್ತಂತೆ.

ಹಾಸ್ಟೆಲ್ ರಿಸೆಪ್ಷನ್ ಹುಡುಗಿ ಪೂರ್ತಿ ಕೇಳೋ ಮುಂಚೆಯೇ ನಕ್ಕಳು. ಗಿರಾಕಿಯನ್ನು ಅಂಗಡಿ ಬಾಗಿಲಿಗೆ ತಂದರೆ ಟುಕ್‌ಟುಕ್‌ನವನಿಗೆ ಪೆಟ್ರೋಲ್ ಕೂಪನ್ ಸಿಗುತ್ತೆ, 20 ಬಾತ್‌ಗೆ ಊರು ಸುತ್ತಿಸೋದು ಅದಕ್ಕೇ ಅಂದಳು.

ಆಮೇಲೆ ಒಂದೇ ಲೆಕ್ಕ ಇಟ್ಟುಕೊಂಡೆ. ತಾನಾಗಿ ಬಂದು ಮಾತಾಡಿಸಿದವರಿಗೆ ನಗು, ಒಂದು ‘ನೋ ಥ್ಯಾಂಕ್ಸ್’, ಕಾಲು ನಿಲ್ಲಿಸೋದಿಲ್ಲ. ದಾರಿ ಬೇಕಾದರೆ ನಾನೇ ಹೋಗಿ ಕೇಳೋದು, ಅದೂ ಕೆಲಸದಲ್ಲಿ ಇರುವವರನ್ನು. ನೂಡಲ್ಸ್ ಗಾಡಿಯ ಅಮ್ಮ ಒಬ್ಬರು ಒಲೆ ಬಿಟ್ಟು ಬಸ್ ಸ್ಟಾಪಿನ ತನಕ ಬಂದು ಬಸ್ ತೋರಿಸಿದರು. ಊರೇ ಕಳ್ಳರದ್ದಲ್ಲ. ಆದರೆ ಕೆಲಸ ಇರುವವರು ಟೂರಿಸ್ಟ್‌ನನ್ನು ಹುಡುಕಿಕೊಂಡು ಬರಲ್ಲ.

ಟ್ಯಾಕ್ಸಿ ವಿಷಯ ನಮ್ಮ ಮೆಜೆಸ್ಟಿಕ್ ಥರಾನೇ. ಖಾವೊ ಸಾನ್ ರಸ್ತೆಯಲ್ಲಿ ನಿಂತುಕೊಂಡೇ ಇರುವ ಟ್ಯಾಕ್ಸಿಯವರು ಮೀಟರ್ ಅಂದರೆ ಮುಖ ತಿರುಗಿಸುತ್ತಿದ್ದರು. ನಾನು ಒಂದು ರಸ್ತೆ ಆಚೆ ನಡೆದು ಓಡುತ್ತಿರೋ ಟ್ಯಾಕ್ಸಿಗೆ ಕೈ ತೋರಿಸುತ್ತಿದ್ದೆ. ಮೀಟರ್ 35 ಬಾತ್‌ನಿಂದ ಶುರು. ಹಾಕದಿದ್ದರೆ ಜಗಳ ಆಡದೆ ಇಳಿದುಬಿಡೋದು. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಊರೊಳಗಿನ ಫಯಾ ಥಾಯ್‌ವರೆಗೆ 45 ಬಾತ್‌ಗೆ ರೈಲೇ ಇದ್ದಿದ್ದರಿಂದ ಅಲ್ಲಿ ಆ ತಲೆನೋವೂ ಇರಲಿಲ್ಲ.

ಎಟಿಎಂನಲ್ಲಿ ನಮ್ಮ ಕಾರ್ಡಿಗೆ ಪ್ರತಿ ಸಲ 220 ಬಾತ್ ಕತ್ತರಿ ಬೀಳುತ್ತಿತ್ತು. ಹಾಗಾಗಿ ಒಂದೇ ಸಲ ಜಾಸ್ತಿ ತೆಗೆದು, ಮುಕ್ಕಾಲು ಪಾಲು ಪಾಸ್‌ಪೋರ್ಟ್ ಜೊತೆ ಹಾಸ್ಟೆಲ್ ಲಾಕರಿನಲ್ಲಿಟ್ಟೆ. ಬೀಗ ಊರಿಂದ ತಂದದ್ದು. ‘ರೂಪಾಯಿಗೆ ಪರಿವರ್ತಿಸಲಾ?’ ಅಂತ ಮಷಿನ್ ಕೇಳಿದರೆ ಬೇಡ ಒತ್ತಬೇಕು, ಅವರ ರೇಟು ದುಬಾರಿ. ಟೂರಿಸ್ಟ್ ಪೊಲೀಸರ ನಂಬರ್ 1155 ಫೋನಿನಲ್ಲಿತ್ತು, ಬಳಸೋ ಸಂದರ್ಭ ಬರಲಿಲ್ಲ. ಬಾರುಗಳ ಬೀದಿ ಪಟ್‌ಪಾಂಗ್‌ನಲ್ಲಿ ರಾತ್ರಿ ‘ಬಾಸ್, ಮೇಲೆ ಶೋ ಇದೆ, ಫ್ರೀ’ ಅಂತ ಕಾರ್ಡ್ ಹಿಡಿದವರು ಹತ್ತು ಜನ. ಮೇಲೆ ಹೋದ ಹಾಸ್ಟೆಲ್ ಗೆಳೆಯನಿಗೆ ಎರಡು ಬಿಯರಿಗೆ ಬಂದ ಬಿಲ್ ನೋಡಿದ ಮೇಲೆ ನನಗೆ ಆ ಕುತೂಹಲವೂ ಹೋಯಿತು.

ಕೊನೆ ದಿನ 500 ಬಾತ್ ಕೊಟ್ಟು ಅರಮನೆ ನೋಡಿ, ಟಿಕೆಟ್ ಇನ್ನೂ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ಅದೇ ಗೋಡೆ, ಅದೇ ಇಸ್ತ್ರಿ ಶರ್ಟು. ನನ್ನ ಗುರುತು ಸಿಗಲಿಲ್ಲ ಅವರಿಗೆ. ‘ಇಂಡಿಯಾ? ನಮಸ್ತೆ! ಅರಮನೆ ಇವತ್ತು ಕ್ಲೋಸು’ ಅಂದರು. ಟಿಕೆಟ್ ಎತ್ತಿ ತೋರಿಸಿದೆ. ಒಂದು ಕ್ಷಣ ನೋಡಿ ಅವರೂ ನಕ್ಕರು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ನನ್ನ ಹಿಂದೆ ಬರುತ್ತಿದ್ದ ದಂಪತಿ ಕಡೆ ನಡೆದರು.